ಮಳೆ ಲೆಕ್ಕ ತಪ್ಪಿದ ಮೇಲೆ ಅಕ್ಕಡಿ ಸಾಲಿನ ನೆನಪು: ನಿಮ್ಮ ಹೊಲದಲ್ಲಿ ಏನೇನಿದೆ?

ಹುಚ್ಚೆಳ್ಳು ಹೂವು (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಣಬೇಸಾಯದ ಊರು. ಮೂರೂವರೆ ಎಕರೆ ಕೆಂಪು ಮಣ್ಣು, ಬೋರ್‌ವೆಲ್ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಹೊಲ ನಾನೇ ನೋಡಿಕೊಳ್ಳುತ್ತಿದ್ದೇನೆ.

2023ರ ಬರ ನೆನಪಿದೆಯಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಆ ವರ್ಷ ನಾನು ಮೂರೂವರೆ ಎಕರೆಗೂ ಒಂದೇ ತಳಿಯ ರಾಗಿ ಹಾಕಿದ್ದೆ. ಒಂದೇ ದಿನದಲ್ಲಿ ಟ್ರ್ಯಾಕ್ಟರಿನಲ್ಲಿ ಬಿತ್ತಿ ಮುಗಿಸಿದ್ದೆ. ಜುಲೈನ ಪುನರ್ವಸು ಮಳೆಗೆ ಪೈರು ಚೆನ್ನಾಗಿ ಎದ್ದಿತು. ಆಮೇಲೆ ಆಗಸ್ಟ್ ಪೂರ್ತಿ ಒಂದು ಹನಿ ಇಲ್ಲ. ತೆಂಡೆ (ಬುಡದ ಮರಿಕವಲು) ಒಡೆಯೋ ಹೊತ್ತಿಗೆ ಪೈರು ಸುರುಟಿಕೊಂಡಿತು. ದನಕ್ಕೆ ಹುಲ್ಲು ಸಿಕ್ಕಿದ್ದೇ ಬಂತು.

ನಮ್ಮ ಪಕ್ಕದ ಹೊಲ ಒಬ್ಬ ಅಜ್ಜಿಯದು. ಅವರ ರಾಗಿಯೂ ಹೋಯಿತು. ಆದರೆ ಅವರು ರಾಗಿ ಸಾಲಿನ ನಡುವೆ ಅವರೆ, ತೊಗರಿ ಹಾಕಿದ್ದರು, ಇದನ್ನೇ ಅಕ್ಕಡಿ ಸಾಲು ಅನ್ನುವುದು. ನವೆಂಬರಿನಲ್ಲಿ ಬಿದ್ದ ಮಳೆಗೆ ಅವೆರಡೂ ಚೇತರಿಸಿಕೊಂಡವು. ಸಂಕ್ರಾಂತಿ ಹೊತ್ತಿಗೆ ಅಜ್ಜಿ ನಮ್ಮ ಮನೆಗೆ ಒಂದು ಮೊರದ ತುಂಬ ಸೊಗಡವರೆ ತಂದುಕೊಟ್ಟರು. ನಮ್ಮ ಅಮ್ಮ ಅದನ್ನು ತಗೊಂಡು ಒಂದೂ ಮಾತಾಡದೆ ಒಳಗೆ ಹೋದರು. ಏಕೆಂದರೆ ಅಕ್ಕಡಿ ಬೇಡ, ಮೆಷಿನ್ ಕೊಯ್ಲಿಗೆ ಅಡ್ಡ ಅಂತ ಹಟ ಹಿಡಿದವನು ನಾನೇ.

ಈ ಸಲ ಮತ್ತೆ ಅಕ್ಕಡಿ ಹಾಕಬೇಕು ಅಂತಿದ್ದೇನೆ. ಎಷ್ಟು ಸಾಲು ರಾಗಿಗೆ ಎಷ್ಟು ಸಾಲು ಕಾಳು? ಯಾವ ಬೀಜ? ಎತ್ತು ಇಲ್ಲ, ಸಾಲಾಗಿ ಬೀಜ ಬಿತ್ತುವ ಕೂರಿಗೆ ಅಟ್ಟ ಸೇರಿದೆ. ತಿಳಿದವರು ಹೇಳಿ.

ಮಣ್ಣಿನ ಮಡಕೆ (ಕೋಲಾರ)

ತಮ್ಮಾ, ಆ ಅಜ್ಜಿ ಕೈಯಲ್ಲಿ ಇರುವುದನ್ನು ಮೊದಲು ಕಲಿತುಕೊಳ್ಳಿ. ಇಲ್ಲಿ ಕೇಳುವುದು ಆಮೇಲೆ.

ಅಕ್ಕಡಿ ಅಂದರೆ ಎಲ್ಲ ಕಾಳು ಬೆರೆಸಿ ಎರಚುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೂರಿಗೆ ಮುಂದೆ ಹೋಗುತ್ತದೆ, ಅದರಲ್ಲಿ ರಾಗಿ. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ, ಅಂದರೆ ಬೀಜ ಬಿಡುವ ಬಿದಿರಿನ ಕೊಳವೆ, ಹಿಡಿದು ಇನ್ನೊಬ್ಬರು ನಡೆಯುತ್ತಾರೆ. ಅಕ್ಕಡಿ ಕಾಳು ಬೀಳುವುದು ಸಡ್ಡೆಯಿಂದ. ನಮ್ಮ ಕಡೆ ಸಡ್ಡೆ ಯಾವಾಗಲೂ ಹೆಂಗಸರ ಕೈಯಲ್ಲೇ. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ನನ್ನ ಮಡಿಲಿಗೆ ಕಾಳು ಕಟ್ಟಿ, ನನ್ನ ಪಕ್ಕದಲ್ಲೇ ನಡೆದು ಕಲಿಸಿದರು. "ಅವರೆಯನ್ನು ಮೂರು ಹೆಜ್ಜೆಗೆ ಬಿಡು, ತೊಗರಿಯನ್ನು ಎರಡಕ್ಕೆ ಬಿಡು. ಹುಚ್ಚೆಳ್ಳು ಚಿಟಿಕೆ ಸಾಕು, ಜಾಸ್ತಿ ಬಿಟ್ಟರೆ ರಾಗಿಯನ್ನು ಮುಚ್ಚುತ್ತದೆ" ಅನ್ನೋರು. ಎಂಟು ಸಾಲು ರಾಗಿ ಆದ ಮೇಲೆ ಒಂದು ಸಾಲು ಅವರೆ, ಇಲ್ಲವೇ ಎರಡು ಸಾಲು ತೊಗರಿ. ಹೊಲದ ಅಂಚಿಗೆ ಹರಳು (ಔಡಲ), ಅಲ್ಲೊಂದು ಇಲ್ಲೊಂದು ಜೋಳ.

ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಅಲಸಂದೆ ಎಲ್ಲಕ್ಕಿಂತ ಮುಂಚೆ ಕೈಗೆ ಬರುತ್ತದೆ, ಸಾರಿಗಾಯಿತು. ರಾಗಿ ಬೇರು ಮೇಲಿನ ತೇವ ಕುಡಿದರೆ ತೊಗರಿ ಬೇರು ಆಳಕ್ಕೆ ಇಳಿಯುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಜೋಳದ ಮೇಲೆ ಹಕ್ಕಿ ಕೂತು ಹುಳ ಹೆಕ್ಕುತ್ತದೆ. ಎಲೆ ತಿನ್ನುವ ಹುಳ ಮೊದಲು ಹರಳಿನ ಮೇಲೇ ಬೀಳುತ್ತದೆ, ಅಲ್ಲೇ ಕಿತ್ತು ಹಾಕಬಹುದು. ರಾಗಿ ಕೊಯ್ದ ಮೇಲೆ ಹೊಲ ಖಾಲಿ ಆಗುವುದಿಲ್ಲ. ಅವರೆ ಬಳ್ಳಿ ಆಗ ಕಾಲು ಚಾಚುತ್ತದೆ. ಮಳೆಯೇ ಬೇಡ, ಇಬ್ಬನಿಗೇ ಕಾಯಿ ಕಟ್ಟುತ್ತದೆ.

ಬೀಜ ಅಂಗಡಿಯಲ್ಲಿ ತರಬೇಡಿ ತಮ್ಮಾ. ನಾಟಿ ಅವರೆ ಬೀಜ ನಾನು ಕೊಡುತ್ತೇನೆ. ನಾನು ಇಡುವ ಬಗೆ ಹೇಳುತ್ತೇನೆ ಕೇಳಿ. ಕೆಮ್ಮಣ್ಣನ್ನು ನೀರಲ್ಲಿ ಗಂಜಿ ಹದಕ್ಕೆ ಕಲಸಿ, ಬೀಜವನ್ನು ಅದರಲ್ಲಿ ಹೊರಳಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ಒಣಗಿದ ಮೇಲೆ ಕೈಯಲ್ಲಿ ಅಲ್ಲಾಡಿಸಿದರೆ ಕಲ್ಲಿನ ಹಾಗೆ ಸದ್ದು ಬರಬೇಕು. ಮಡಕೆ ತಳಕ್ಕೆ ಬೂದಿ, ಮೇಲೆ ಬೀಜ, ಅದರ ಮೇಲೆ ಲಕ್ಕಿ ಸೊಪ್ಪು. ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಬಳಿದರೆ ಮುಂದಿನ ಬಿತ್ತನೆಯವರೆಗೆ ಹುಳ ಮುಟ್ಟುವುದಿಲ್ಲ. ರಾಗಿ ಬೀಜವನ್ನು ಮಾತ್ರ ರಾಶಿಯಿಂದ ತೆಗೆಯಬಾರದು. ಹೊಲದಲ್ಲೇ ಒಳ್ಳೆ ತೆನೆ ನೋಡಿ ಆರಿಸಿ, ಗೊಂಚಲು ಕಟ್ಟಿ ಸೂರಿಗೆ ನೇತು ಹಾಕಬೇಕು.

ಬಯಲ ಗಾಳಿ (ದಾವಣಗೆರೆ)

ಅಕ್ಕಾ, ನಿಮ್ಮ ಬರಹ ಓದಿ ನಮ್ಮ ಅವ್ವನ ನೆನಪಾಯಿತು. ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಮೆಕ್ಕೆಜೋಳದ ನಾಡು. ನಾನೂ ಆರು ಎಕರೆಗೆ ಅದನ್ನೇ ಹಾಕುತ್ತೇನೆ. ಬಿತ್ತುವುದು ಒಂದು ದಿನ, ಕೊಯ್ಯುವುದು ಒಂದು ದಿನ, ಲಾರಿ ಹೊಲಕ್ಕೇ ಬರುತ್ತದೆ. ಅಕ್ಕಡಿಯಲ್ಲಿ ಮತ್ತೆ ಮತ್ತೆ ಹೊಲಕ್ಕೆ ಇಳಿಯಬೇಕು. ಅಲಸಂದೆ ಬಿಡಿಸಲು ಒಮ್ಮೆ, ರಾಗಿಗೆ ಒಮ್ಮೆ, ಅವರೆಗೆ ನಾಲ್ಕಾರು ಸಲ. ಆಳು ಎಲ್ಲಿದ್ದಾರೆ? ಊರಿನ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಇನ್ನು ಹತ್ತು ಕೆಜಿ ಹುಚ್ಚೆಳ್ಳು ತಗೊಂಡು ಮಂಡಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಒಂದು ಮಾತು ಮಾತ್ರ ಒಪ್ಪುತ್ತೇನೆ. 2018ರಲ್ಲಿ ಫಾಲ್ ಸೈನಿಕ ಹುಳು ಬಂತಲ್ವಾ, ದೇಶದಲ್ಲೇ ಅದು ಮೊದಲು ಕಂಡಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಬೆಳಗ್ಗೆ ಹೋಗಿ ನೋಡಿದರೆ ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ. ಈ ಹೊಲ, ಆ ಹೊಲ, ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳವೇ. ಹುಳುವಿಗೆ ಎಲ್ಲೂ ತಡೆಯೇ ಇರಲಿಲ್ಲ. ಅವತ್ತು ಮೊದಲ ಸಲ ನನಗೆ ಹೆದರಿಕೆ ಆಯಿತು.

ಗುಳಿ ಮಣ್ಣು (ಹಾವೇರಿ)

ಬಯಲ ಗಾಳಿ ಅಣ್ಣಾವರೇ, ಆಳಿನ ಕಷ್ಟ ನಮಗೂ ಅಷ್ಟೇ ಇದೆ. ಹಾಗಂತ ಹಳೆಯ ಪದ್ಧತಿ ಅಂದರೆ ಬರೀ ಖರ್ಚು ಅನ್ನಬೇಡಿ.

ನಮ್ಮ ಕಡೆ ಗುಳಿ ರಾಗಿ ಅಂತ ಇದೆ. ಹೊಲಕ್ಕೆ ಉದ್ದ ಒಂದು ಸಲ, ಅಡ್ಡ ಒಂದು ಸಲ ಸಾಲು ಹೊಡೆಯುತ್ತೇವೆ. ಸಾಲು ಸಾಲು ಕೂಡುವ ಕಡೆ ಒಂದು ಗುಳಿ. ಗುಳಿಗೆ ಒಂದು ಹಿಡಿ ಗೊಬ್ಬರ, 20-25 ದಿನದ ಎರಡು ಸಸಿ. ಗುಳಿಯಿಂದ ಗುಳಿಗೆ ಒಂದೂವರೆ ಅಡಿ. ಕೂರಿಗೆಯಲ್ಲಾದರೆ ಎಕರೆಗೆ ನಾಲ್ಕೈದು ಕೆಜಿ ಬೀಜ ಬೇಕು. ಇದಕ್ಕೆ ಒಂದು ಕೆಜಿ ಸಾಕು.

ಸಸಿ ನೆಲ ಹಿಡಿದ ಮೇಲೆ ಅದರ ಮೇಲೆ ಕೊರಡು ಎಳೆಯುತ್ತೇವೆ. ಹೊಸಬರು ನೋಡಿದರೆ ಹೌಹಾರುತ್ತಾರೆ. ಬೆಳೆದು ನಿಂತ ಪೈರಿನ ಮೇಲೆ ಮರದ ದಿಮ್ಮಿ! ಪೈರು ಪೂರ್ತಿ ಮಲಗಿಬಿಡುತ್ತದೆ. ಎರಡು ಮೂರು ದಿನದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ, ಬುಡದಿಂದ ತೆಂಡೆ ಮೇಲೆ ತೆಂಡೆ ಒಡೆಯುತ್ತದೆ. ನಡುವೆ ಜಾಗ ಇರುವುದರಿಂದ ಕಳೆ ತೆಗೆಯುವ ಎಡೆಕುಂಟೆ ಉದ್ದಕ್ಕೂ ಅಡ್ಡಕ್ಕೂ ಓಡುತ್ತದೆ, ಕಳೆಗೆ ಆಳು ಕಡಿಮೆ. ಬೇರು ದಪ್ಪ ಬರುವುದರಿಂದ ಹತ್ತು ಹದಿನೈದು ದಿನ ಮಳೆ ತಡವಾದರೂ ಪೈರು ತಾಳುತ್ತದೆ.

ಇನ್ನೊಂದು ಅನುಕೂಲ ಇದೆ. ಸಸಿ ಮಡಿಯಲ್ಲಿ ಇರುತ್ತದೆ. ಮಳೆ ಬಂದ ಮೇಲೆ ನೆಟ್ಟರಾಯಿತು. ಬಿತ್ತಿದ ಬೀಜ ಒಣ ನೆಲದಲ್ಲಿ ಕೂತು ಸಾಯುವ ಭಯ ಇಲ್ಲ.

ಮಳೆ ಕಡತ (ಮಂಡ್ಯ)

ನಾನು ಮೂವತ್ತು ವರ್ಷ ರೈತರಿಗೆ ಬೇಸಾಯದ ಸಲಹೆ ಕೊಡುವ ಕೆಲಸದಲ್ಲಿದ್ದವನು. "ಒಂದೇ ತಳಿ ಹಾಕಿ, ಸಾಲಾಗಿ ಹಾಕಿ, ಅಕ್ಕಡಿ ಬಿಡಿ" ಅಂತ ಎಷ್ಟೋ ಊರಲ್ಲಿ ಹೇಳಿದ್ದೇನೆ. ಇಳುವರಿ ಹೆಚ್ಚಲಿ ಅಂತಲೇ ಹೇಳಿದ್ದು. ಇಂದು ಅದೇ ಮಾತನ್ನು ಹಾಗೇ ಹೇಳಲಾರೆ.

ಮೊದಲು ಹೊಸ ತಳಿಗಳ ಬಗ್ಗೆ. ಅವನ್ನು ದೂರುವುದು ಬೇಡ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಎಷ್ಟೋ ಮನೆಯ ಹಸಿವು ಅದರಿಂದ ನೀಗಿತು. ಆದರೆ ಆ ಸಂಕರಕ್ಕೆ ಮೂಲ ಯಾವುದು? ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಬೀಜವೇ. ನೆರೆಯಲ್ಲಿ ಎರಡು ವಾರ ಮುಳುಗಿದರೂ ಬದುಕುವ ಸ್ವರ್ಣ ಸಬ್-1 ಭತ್ತ 2009ರಲ್ಲಿ ಬಂತಲ್ಲ, ಅದರ ಆ ಗುಣ ಬಂದಿದ್ದು ಒಡಿಶಾದ ಒಂದು ಹಳೇ ನಾಟಿ ಭತ್ತದಿಂದ. ಯಾವ ಬೀಜ ಯಾವ ಕಾಲಕ್ಕೆ ಬೇಕಾಗುತ್ತದೋ ಮೊದಲೇ ಹೇಳಲು ಆಗುವುದಿಲ್ಲ. ಹೊಲದಿಂದ ಹೋದರೆ ಹೋಯಿತು.

ಇನ್ನು ಮಳೆ ನಕ್ಷತ್ರದ ಮಾತು. "ನಕ್ಷತ್ರ ಸುಳ್ಳಾಯಿತು, ಪಂಚಾಂಗ ಕೆಟ್ಟಿತು" ಅಂತ ಈಚೆಗೆ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಒಂದೊಂದೂ 13-14 ದಿನ. ಸೂರ್ಯನ ಲೆಕ್ಕ ಆಗಿರುವುದರಿಂದ ತಾರೀಖು ವರ್ಷ ವರ್ಷ ಹೆಚ್ಚುಕಡಿಮೆ ಅದೇ ಇರುತ್ತದೆ. ಅದು ವರ್ಷವನ್ನು ಅಳೆಯುವ ಕೋಲು. ಮಳೆ ಯಾವ ಗೆಣ್ಣಿಗೆ ಬಂತು ಅಂತ ನೋಡಿ, ಅದಕ್ಕೆ ತಕ್ಕ ಬೀಜ ಹೊರಗೆ ತೆಗೆಯುವುದು ಹಿರಿಯರ ಪದ್ಧತಿ. ಅದಕ್ಕೇ ಒಂದೊಂದು ಮನೆಯಲ್ಲಿ ಹತ್ತು ಹನ್ನೆರಡು ಮಡಕೆ ಬೀಜ ಇರುತ್ತಿದ್ದವು. ಇವತ್ತು ನಮ್ಮ ಹತ್ತಿರ ಕೋಲು ಇದೆ, ಮಡಕೆಗಳು ಖಾಲಿ.

ನಮ್ಮ ದಕ್ಷಿಣದ ಜಿಲ್ಲೆಗಳ ಮಟ್ಟಿಗೆ ನಾನು ಇಟ್ಟುಕೊಂಡ ಲೆಕ್ಕ ಇದು. ಆರಿದ್ರಾ, ಪುನರ್ವಸುವಿಗೆ ಮಳೆ ಸಿಕ್ಕಿದರೆ ದೀರ್ಘಾವಧಿ ರಾಗಿ, ಜೊತೆಗೆ ಅಕ್ಕಡಿ. ಜುಲೈ ಕೊನೆಯಾದರೆ ಜಿಪಿಯು-28ರಂಥ 110-115 ದಿನದ ರಾಗಿ ತಳಿ. ಆಗಸ್ಟ್ ಮಧ್ಯಕ್ಕೆ ಹೋದರೆ ಜಿಪಿಯು-48, ಅದು 95-100 ದಿನಕ್ಕೆ ಬರುತ್ತದೆ. ಅದೂ ತಪ್ಪಿದರೆ ನವಣೆ, ಸಾಮೆ. ಬರಗು ಇನ್ನೂ ಬೇಗ, ಎರಡೂವರೆ ತಿಂಗಳೊಳಗೆ. ಎಲ್ಲ ಕೈಕೊಟ್ಟರೆ ಸೆಪ್ಟೆಂಬರಿನಲ್ಲಿ ಹುರುಳಿ ಇದ್ದೇ ಇದೆ.

ನಾಟಿ ಅವರೆಯ ಇನ್ನೊಂದು ಗುಣ ಮಣ್ಣಿನ ಮಡಕೆ ಅಕ್ಕನವರು ಬಾಯಿಬಿಟ್ಟು ಹೇಳಲಿಲ್ಲ, ಅವರ ಕೈಗೆ ಗೊತ್ತಿದೆ. ಅದು ಹೂ ಬಿಡುವುದು ವಯಸ್ಸು ನೋಡಿ ಅಲ್ಲ, ಹಗಲು ನೋಡಿ. ಹಗಲು ಕಿರಿದಾಗುತ್ತಾ ಬಂದರೆ ಹೂ. ಜುಲೈನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಹೂವು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ತಡವಾಗಿ ಬಿತ್ತಿದ್ದು ಗಿಡ್ಡವಾಗಬಹುದು, ಆದರೆ ಚಳಿಗಾಲದ ಇಬ್ಬನಿ ತಪ್ಪಿಸಿಕೊಳ್ಳುವುದಿಲ್ಲ. ಹೊಸ ಅವರೆ ತಳಿಗಳಲ್ಲಿ ಈ ಗುಣವನ್ನು ತೆಗೆದಿದ್ದಾರೆ, ವರ್ಷವಿಡೀ ಕಾಯಿ ಸಿಗಲಿ ಅಂತ. ನೀರಾವರಿಗೆ ಅದು ಒಳ್ಳೆಯದೇ. ಮಳೆ ನಂಬಿದ ಹೊಲಕ್ಕೆ ಹಳೆಯದೇ ಬೇಕು.

ಗಜನಿ ಗದ್ದೆ (ಕುಮಟಾ)

ನೀವೆಲ್ಲ ಮಳೆ ಕಡಿಮೆ ಆಗಿದ್ದರ ಬಗ್ಗೆ ಹೇಳುತ್ತಿದ್ದೀರಿ. ನಮಗೆ ನೀರೇ ಜಾಸ್ತಿ, ಅದೂ ಉಪ್ಪು ನೀರು.

ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಮಾಣಿಕಟ್ಟಾ ಸುತ್ತಮುತ್ತ ಗಜನಿ ಭೂಮಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆ ಇದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಮಳೆಗಾಲದ ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆಯಬೇಕು. ನಾಲಿಗೆಗೆ ನೀರು ಹಚ್ಚಿ ನೋಡಿ ಉಪ್ಪು ಇಳಿದಿದೆಯೋ ಇಲ್ಲವೋ ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆಮೇಲೆ ಮೊಳಕೆ ಬಂದ ಬೀಜ ಕೆಸರಿಗೆ ಚೆಲ್ಲುವುದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಪೈರು ಆಳೆತ್ತರ ಬೆಳೆಯುತ್ತದೆ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಕೊಳೆಯುವುದಿಲ್ಲ. ಕಾಳಿನ ತುದಿಗೆ ಉದ್ದ ಮೀಸೆ ಇರುವುದರಿಂದ ಹಕ್ಕಿ ಕಾಟವೂ ಕಡಿಮೆ. ಕೊಯ್ಲಿನಲ್ಲಿ ನೀರಲ್ಲೇ ನಿಂತು ತೆನೆ ಮಾತ್ರ ಕೊಯ್ಯುತ್ತೇವೆ. ಕೂಳೆ ಅಲ್ಲೇ ಕೊಳೆತು ಮೀನಿಗೆ, ಶಿಗಡಿಗೆ ಆಹಾರ ಆಗುತ್ತದೆ. ಗದ್ದೆ ಆಮೇಲೆ ಮೀನಿನದು.

ಕಗ್ಗ ಒಂದು ವರ್ಷ ಬಿತ್ತದೆ ಬಿಟ್ಟರೆ ಬೀಜದ ಮೊಳಕೆ ಶಕ್ತಿ ಹೋಗುತ್ತದೆ. ಡಬ್ಬಿಯಲ್ಲಿ ಇಟ್ಟು ಪೂಜೆ ಮಾಡುವ ಬೀಜ ಇದಲ್ಲ. ಬಿತ್ತುತ್ತಲೇ ಇರಬೇಕು. ಮತ್ತೆ ಇದನ್ನು ಒಬ್ಬರೇ ಬೆಳೆಯಲು ಆಗುವುದಿಲ್ಲ. ಕಟ್ಟೆ ಎಲ್ಲರದು. ಒಂದು ಕಡೆ ಒಡೆದರೆ ಉಪ್ಪು ನೀರು ಇಡೀ ಗಜನಿಗೆ ನುಗ್ಗುತ್ತದೆ. ಶಿಗಡಿ ಸಾಕಣೆಯ ದುಡ್ಡು ಕಣ್ಣಿಗೆ ಬಿದ್ದ ಮೇಲೆ ಎಷ್ಟೋ ಕಡೆ ಭತ್ತ ಬಿತ್ತುವುದೇ ನಿಂತಿತು. ಕಟ್ಟೆ ಕಾಯುವ ಒಗ್ಗಟ್ಟೂ ಅದರ ಜೊತೆಗೆ ಹೋಯಿತು. ಕೇರಳದ ಪೊಕ್ಕಾಳಿ, ಗೋವಾದ ಖಜಾನ್ ಗದ್ದೆಗಳ ಕತೆಯೂ ಇದೇ.

ಸಮುದ್ರ ಏರುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಉಪ್ಪು ನೀರು ಕುಡಿದು ಬದುಕುವ ಭತ್ತ ನಮ್ಮ ಮನೆಯಲ್ಲೇ ಇದೆ. ಅದನ್ನು ಕಳೆದುಕೊಂಡು ಆಮೇಲೆ ಎಲ್ಲಿ ಹುಡುಕುವುದು?

ಎರೆಹೊಲ (ಗದಗ)

ನಮ್ಮ ಕಡೀದೂ ಎರಡು ಮಾತು. ನಾವು ಹಿಂಗಾರಿ ಮಂದಿ. ಎರೆಮಣ್ಣಿನ ತೇವದ ಮೇಲೇ ಜೋಳ, ಕಡಲೆ. ಜವಾರಿ ಜೋಳದ ಸುತ್ತ ಕುಸುಬಿ ಹಾಕುತ್ತೇವೆ. ಮುಳ್ಳಿನ ಗಿಡ, ದನ ಒಳಗೆ ಕಾಲಿಡುವುದಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ. ಈಗ ಹಿಂಗಾರಿ ಹೊಲಕ್ಕೂ ಮುಂಗಾರಿಯಲ್ಲೇ ಹೆಸರು, ಗೋವಿನಜೋಳ (ಮೆಕ್ಕೆಜೋಳ) ಹಾಕಿ ತೇವ ಹೀರಿಸಿಬಿಡುತ್ತಾರೆ. ಹಿಂಗಾರಿ ಮಳೆ ಕೈಕೊಟ್ಟರೆ ಜೋಳಕ್ಕೆ ನೆಲದಲ್ಲಿ ಏನೂ ಉಳಿದಿರುವುದಿಲ್ಲ.

ಬಯಲ ಗಾಳಿ (ದಾವಣಗೆರೆ)

ಎಲ್ಲ ಓದಿದೆ. ಮಳೆ ಕಡತ ಸರ್, ನಿಮ್ಮ ಲೆಕ್ಕ ಬರೆದಿಟ್ಟುಕೊಂಡಿದ್ದೇನೆ. ಆದರೆ ಅಕ್ಕಡಿ ಹಾಕಿದರೆ ಮೆಷಿನ್ ಕೊಯ್ಲು ಹೇಗೆ ಅನ್ನುವುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮಳೆ ಕಡತ (ಮಂಡ್ಯ)

ಕೊಡುತ್ತೇನೆ. ಅಕ್ಕಡಿಯನ್ನು ಪಟ್ಟಿ ಪಟ್ಟಿಯಾಗಿ ಹಾಕಿ. ನಿಮ್ಮ ಊರಿಗೆ ಬರುವ ಕೊಯ್ಲು ಮೆಷಿನ್ ಎಷ್ಟು ಅಗಲ ಕೊಯ್ಯುತ್ತದೆ ಅಂತ ಮೊದಲು ಅಳೆದುಕೊಳ್ಳಿ. ಆ ಅಗಲದ ಎರಡರಷ್ಟು ರಾಗಿ, ಆಮೇಲೆ ತೊಗರಿ ಅವರೆಯ ಪಟ್ಟಿ, ಮತ್ತೆ ರಾಗಿ. ಮೆಷಿನ್ ರಾಗಿ ಪಟ್ಟಿಯಲ್ಲಿ ಹೋಗಿ ಬರುತ್ತದೆ, ತೊಗರಿ ನಿಂತಿರುತ್ತದೆ. ಹಳೆಯ ಅಕ್ಕಡಿಯಷ್ಟು ಒತ್ತಾದ ಬೆರಕೆ ಇದರಲ್ಲಿ ಬರುವುದಿಲ್ಲ ನಿಜ. ಒಂದೇ ಬೆಳೆಗಿಂತ ಎಷ್ಟೋ ಮೇಲು. ರಾಗಿಯ ಬೆಂಬಲ ಬೆಲೆಯೂ ಮೊದಲಿಗಿಂತ ಏರಿದೆ. 2023-24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಆರು ಎಕರೆಯಲ್ಲಿ ಒಂದು ಎಕರೆ ಮಾಡಿ ನೋಡಿ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ.

ಬೆರಕೆ ಸೊಪ್ಪು (ಚಾಮರಾಜನಗರ)

ತಡವಾಗಿ ಬಂದೆ, ಕ್ಷಮಿಸಿ. ಕಳೆ ಔಷಧಿಯ ಮಾತು ಯಾರೂ ಎತ್ತಲಿಲ್ಲ. ಕಾಳಿನ ಗಿಡ ಇರುವ ಹೊಲಕ್ಕೆ ಅಗಲ ಎಲೆಯ ಕಳೆ ಕೊಲ್ಲುವ ಔಷಧಿ ಹೊಡೆಯಲು ಆಗುವುದಿಲ್ಲ, ಕಾಳಿನ ಗಿಡವೂ ಸಾಯುತ್ತದೆ, ಅದಕ್ಕೇ ನಮ್ಮ ಊರಲ್ಲಿ ಮೊದಲು ಹೋಗಿದ್ದು ಅಕ್ಕಡಿ. ಅದರ ಹಿಂದೆಯೇ ಹೋಗಿದ್ದು ಸೊಪ್ಪು. ನಾನು ಚಿಕ್ಕವಳಿದ್ದಾಗ ಮಳೆ ಬಿದ್ದು ವಾರಕ್ಕೆ ಅವ್ವ ಸೆರಗು ಕಟ್ಟಿಕೊಂಡು ಹೊಲಕ್ಕೆ ಹೋದರೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಕಿರಕಸಾಲೆ ಎಲ್ಲ ಬರುತ್ತಿತ್ತು. ಯಾರೂ ಬಿತ್ತಿದ್ದಲ್ಲ. ಮುದ್ದೆಗೆ ಮಸ್ಸೊಪ್ಪು. ಬರದ ವರ್ಷದಲ್ಲೂ ಒಂದು ಹೊತ್ತಿನ ಸಾರಿಗೆ ಮೋಸ ಇರಲಿಲ್ಲ. ಈಗ ಅದೇ ಸೊಪ್ಪನ್ನು ಪೇಟೆಯಲ್ಲಿ ಕಟ್ಟಿಗಿಷ್ಟು ಅಂತ ಕೊಂಡು ತರುತ್ತೇವೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಾಗಿ, ಅವರೆ, ಸಾಸಿವೆ ಒಟ್ಟಿಗೇ ಬೆಳೆಯುತ್ತಾರೆ. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ ಮಾಡುತ್ತಾರೆ. ಕಲಿಯುವುದಿದ್ದರೆ ಅವರ ಹತ್ತಿರವೂ ಇದೆ.

ಇನ್ನೊಂದು. ಬೀಜ ಕೊಡುವುದು ತಗೊಳ್ಳುವುದು ಕಾನೂನಿಗೆ ವಿರುದ್ಧ ಅಂತ ಯಾರೋ ಹೆದರಿಸಿದ್ದರು, ನಮ್ಮೂರಲ್ಲಿ ಅದನ್ನು ನಂಬಿದವರೂ ಇದ್ದಾರೆ. ಹಾಗೇನಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ನಾವು ಬೆಳೆದ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಹುಚ್ಚೆಳ್ಳು ಹೂವು (ತುಮಕೂರು)

ಎಲ್ಲರಿಗೂ ಕೈಮುಗಿದೆ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಪಕ್ಕದ ಹೊಲದ ಅಜ್ಜಿ ಮನೆಗೆ ಹೋಗಿದ್ದೆ. ಸಡ್ಡೆ ಕೇಳಿದೆ. ಅಟ್ಟದಿಂದ ಇಳಿಸಿ, ಸೆರಗಲ್ಲಿ ಧೂಳು ಒರೆಸಿ ಕೊಟ್ಟರು. ಬಿದಿರು ಇನ್ನೂ ಗಟ್ಟಿ ಇದೆ, ಬಾಯಿಯ ಹತ್ತಿರ ಅವರ ಬೆರಳು ಹಿಡಿದೂ ಹಿಡಿದೂ ನುಣುಪಾಗಿದೆ. "ಎತ್ತು ಇಲ್ಲದಿದ್ದರೆ ಟ್ರ್ಯಾಕ್ಟರ್ ಹಿಂದೆ ನಡಿ, ಅವನಿಗೆ ನಿಧಾನ ಓಡಿಸು ಅನ್ನು" ಅಂದರು. ನಮ್ಮ ಅಮ್ಮ ಜೊತೆಗೆ ಬಂದಿದ್ದರು. ಸಡ್ಡೆ ನನ್ನ ಕೈಯಿಂದ ತಗೊಂಡು ತಾವೇ ಹಿಡಿದು ನೋಡಿದರು. ಬಿತ್ತುವ ದಿನ ತಾವೇ ನಡೆಯುತ್ತಾರಂತೆ.

ಒಂದೂವರೆ ಎಕರೆ ಹಳೆಯ ಹಾಗೇ ಅಕ್ಕಡಿ. ಒಂದೂವರೆ ಎಕರೆ ಪಟ್ಟಿಯಲ್ಲಿ, ಮೆಷಿನ್‌ಗೆ ಆಗುವ ಹಾಗೆ. ಉಳಿದ ಅರ್ಧ ಎಕರೆ ಗುಳಿ ರಾಗಿ. ಗುಳಿ ಮಣ್ಣು ಅಣ್ಣಾ, ಕೊರಡು ಎಷ್ಟು ತೂಕ ಇರಬೇಕು ಹೇಳಿ. ಮಳೆ ತಡವಾದರೆ ಅಂತ ಒಂದು ಚೀಲ ನವಣೆ, ಒಂದು ಚೀಲ ಹುರುಳಿ ಎತ್ತಿಟ್ಟಿದ್ದೇನೆ. ನಾಟಿ ಅವರೆ ಮಾತ್ರ ಸಾಲದು. ಅಜ್ಜಿ ಹತ್ತಿರ ಅವರಿಗೆ ಬೇಕಾದಷ್ಟೇ ಇದೆ. ಮಣ್ಣಿನ ಮಡಕೆ ಅಕ್ಕಾ, ಬರಲಾ?

ಗುಳಿ ಮಣ್ಣು (ಹಾವೇರಿ)

ಒಬ್ಬ ಆಳು ಹೆಗಲ ಮೇಲೆ ಹೊತ್ತು ನಡೆಯುವಷ್ಟು ತೂಕ ಸಾಕು. ಭಾರ ಜಾಸ್ತಿಯಾದರೆ ಸಸಿ ಮುರಿಯುತ್ತದೆ. ತೇವ ಇದ್ದಾಗ ಎಳೆಯಿರಿ, ಒಣಗಿದ್ದಾಗ ಬೇಡ.

ಮಣ್ಣಿನ ಮಡಕೆ (ಕೋಲಾರ)

ಬಾ ತಮ್ಮಾ. ಎರಡು ಸೇರು ಅವರೆ, ಒಂದು ಪಾವು ಹುಚ್ಚೆಳ್ಳು ಕಟ್ಟಿಟ್ಟಿರುತ್ತೇನೆ. ದುಡ್ಡು ತರಬೇಡ. ನಮ್ಮ ಕಡೆ ಬೀಜಕ್ಕೆ ಬೀಜವೇ. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಸೇರು ವಾಪಸ್ ಕೊಡು. ಎರಡು ನನ್ನ ಮಡಕೆಗೆ, ಎರಡು ಆ ದಾವಣಗೆರೆ ತಮ್ಮನ ಒಂದು ಎಕರೆಗೆ.